ಸಂಬಳ 22 ಸಾವಿರ, ಕಂತು 13 ಸಾವಿರ

ಪಿಯುಸಿ ರಿಸಲ್ಟ್ ಬಂದ ಮೇಲೆ ಮಕ್ಕಳು ಬಿಕಾಂ, ನರ್ಸಿಂಗ್, ಇಂಜಿನಿಯರಿಂಗ್ ಅಂದರೆ ಮನೆಯಲ್ಲಿ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ‘ಜರ್ನಲಿಸಂ ಮಾಡ್ತೀನಿ, ಮಾಸ್ ಕಮ್ಯುನಿಕೇಶನ್ ಓದ್ತೀನಿ’ ಅಂದಾಗ ಮಾತ್ರ ಎರಡು ಪ್ರಶ್ನೆ ಏಳುತ್ತೆ. ಫೀಸ್ ಎಷ್ಟು? ಸಂಬಳ ಎಷ್ಟು? ಇವೆರಡರ ನಡುವೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳೋರು ಕಡಿಮೆ. ಸಾಲದ ಕಂತು ಎಷ್ಟು?

ಈ ವರ್ಷ ನಮ್ಮ ಅಕ್ಕನ ಮಗಳ ಸರದಿ. ಅವರ ಮನೆ ಕೆಜಿಎಫ್‌ನ ನಂದಿದುರ್ಗ ಗಣಿ ಕಡೆ. ಹುಡುಗಿ ಬೆಂಗಳೂರಿನ ಒಂದು ಖಾಸಗಿ ಕಾಲೇಜು ನೋಡಿಟ್ಟಿದ್ದಾಳೆ. ಮೂರು ವರ್ಷದ ಕೋರ್ಸ್, ವರ್ಷಕ್ಕೆ 2 ಲಕ್ಷ. “ಎಜುಕೇಶನ್ ಲೋನ್ ಸಿಗುತ್ತಲ್ಲ ಚಿಕ್ಕಮ್ಮ, ಕೆಲಸ ಸಿಕ್ಕ ಮೇಲೆ ನಾನೇ ಕಟ್ಕೋತೀನಿ” ಅಂದಳು. ಸರಿ, ಒಂದು ಹಾಳೆ ತಗೊಂಡು ಬಾ ಅಂದೆ.

ಒಟ್ಟು ಸಾಲ 6 ಲಕ್ಷ, ಬಡ್ಡಿ ಶೇ. 10 ಅಂತ ಹಿಡಿದೆವು. ಓದೋ ಮೂರು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನಿರಲ್ಲ. ವರ್ಷಕ್ಕೆ 2 ಲಕ್ಷದಂತೆ ತಗೊಂಡರೆ ಸರಳ ಬಡ್ಡಿಯೇ ಅಷ್ಟರಲ್ಲಿ 1.8 ಲಕ್ಷ ಆಗಿರುತ್ತೆ. ಅಂದರೆ ಮೊದಲ ಕಂತು ಕಟ್ಟೋ ದಿನ ಸಾಲ 7.8 ಲಕ್ಷ. ಏಳು ವರ್ಷದಲ್ಲಿ ತೀರಿಸಬೇಕಂದರೆ ತಿಂಗಳಿಗೆ ಸುಮಾರು 13 ಸಾವಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು 8,400ಕ್ಕೆ ಇಳಿಯುತ್ತೆ, ಆದರೆ ಕಟ್ಟೋ ಒಟ್ಟು ಹಣ 15 ಲಕ್ಷ ದಾಟುತ್ತೆ.

ಈಗ ಸಂಬಳ. ನಾನು ಕೆಲಸ ಮಾಡೋ ಏಜೆನ್ಸಿಯಲ್ಲಿ ಹೊಸಬರ ಇಂಟರ್‌ವ್ಯೂಗೆ ನಾನೂ ಕೂರ್ತೀನಿ. ಕಾಲೇಜಿನ ಬ್ರೋಷರ್‌ನಲ್ಲಿರೋ ‘ಹೈಯೆಸ್ಟ್ ಪ್ಯಾಕೇಜ್’ ಪಕ್ಕಕ್ಕಿಟ್ಟು, ಕೈಗೆ 22 ಸಾವಿರ ಅಂತ ಬರೆದೆ. ರಾತ್ರಿ ಶಿಫ್ಟ್ ಬಿದ್ದರೆ ಮಾರಿಕುಪ್ಪಂ ಟ್ರೈನ್ ನಂಬಿಕೊಂಡು ಕೆಲಸ ಮಾಡೋಕಾಗಲ್ಲ, ಬೆಂಗಳೂರಲ್ಲೇ ಪಿಜಿ ಬೇಕು. ಅದಕ್ಕೆ 8 ಸಾವಿರ. ಕಂತು 13 ಸಾವಿರ. ಉಳಿದಿದ್ದು 1 ಸಾವಿರ. ಮೊಬೈಲ್ ರೀಚಾರ್ಜ್, ಬಸ್ಸು, ಹುಷಾರು ತಪ್ಪಿದರೆ ಮಾತ್ರೆ, ಎಲ್ಲ ಅದರಲ್ಲೇ.

ಹುಡುಗಿ ಹಾಳೆ ನೋಡ್ತಾ ಕೂತಳು. ಆಮೇಲೆ ಕೇಳಿದ ಪ್ರಶ್ನೆ ನನಗೂ ಚುಚ್ಚಿತು. “ಅಂದರೆ ದುಡ್ಡಿದ್ದೋರ ಮಕ್ಕಳು ಮಾತ್ರ ಇಷ್ಟ ಬಂದಿದ್ದು ಓದಬೇಕಾ?”

ಇದನ್ನು ಕೆಜಿಎಫ್‌ನ ಮಗು ಕೇಳಿದರೆ ಹಗುರವಾಗಿ ತಗೊಳ್ಳೋಕಾಗಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದ ಈ ಊರಿನ ಎಷ್ಟೋ ಮನೆಗಳ ಅನ್ನ ಬಂಗಾರಪೇಟೆ ಮೇಲಿಂದ ಬೆಂಗಳೂರಿಗೆ ಹೋಗೋ ಬೆಳಗಿನ ಟ್ರೈನ್ ಹತ್ತಿಯೇ ಬರ್ತಿದೆ. ಮಕ್ಕಳ ಡಿಗ್ರಿ ಮೇಲೆ ಅಪ್ಪ ಅಮ್ಮ ಇಟ್ಟಿರೋ ಆಸೆ ಚಿಕ್ಕದಲ್ಲ. ಅಕ್ಕ ಆಗಲೇ “ಒಡವೆ ಇದೆಯಲ್ಲ, ಅಡ ಇಟ್ಟರಾಯ್ತು” ಅಂದಿದ್ದಳು. ಮನೆ ಅಡ ಇಡೋಣ ಅಂದರೆ ಅದು ಗಣಿ ಕಾಲದ ಲೈನ್ ಮನೆ, ಹೆಸರಲ್ಲಿ ಪತ್ರ ಇಲ್ಲ. ಚಿನ್ನ ಅಗೆದ ಊರಲ್ಲಿ ಉಳಿದಿರೋದು ಆ ಎರಡು ಬಳೆ, ಒಂದು ಸರ.

ನಾನು ಹೇಳಿದ್ದು ಇಷ್ಟು. ಓದು, ಖಂಡಿತ ಓದು. ಆದರೆ ವಕೀಲರಿಗೆ ಆ ಡಿಗ್ರಿ ಇಲ್ಲದೆ ಕೆಲಸ ಮಾಡೋ ಹಾಗೇ ಇಲ್ಲ. ಪತ್ರಕರ್ತರಾಗೋಕೆ, ಜಾಹೀರಾತು ಬರೆಯೋಕೆ ಅಂಥ ಲೈಸೆನ್ಸ್ ಬೇಕಿಲ್ಲ. ಇಂಟರ್‌ವ್ಯೂನಲ್ಲಿ ನಾವು ಮೊದಲು ನೋಡೋದು ಏನು ಬರೆದಿದ್ದೀಯ, ಏನು ಶೂಟ್ ಮಾಡಿದ್ದೀಯ, ಎಷ್ಟು ಭಾಷೆ ಬರುತ್ತೆ ಅಂತ. ಕೆಜಿಎಫ್‌ನಲ್ಲಿ ಬೆಳೆದ ನಿನಗೆ ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಮನೆ ಬಾಗಿಲಲ್ಲೇ ಬಂದಿದೆ. ಡಬ್ಬಿಂಗ್, ಸಬ್‌ಟೈಟಲ್, ಅನುವಾದ, ನಾಲ್ಕು ಭಾಷೆಯ ಜಾಹೀರಾತು, ಎಲ್ಲಕ್ಕೂ ಇದು ಬೇಕು. ಇದಕ್ಕೆ ನೀನು ಫೀಸ್ ಕಟ್ಟಿಲ್ಲ.

ಇನ್ನೊಂದು ಮಾತು. ಈ ಕ್ಷೇತ್ರದಲ್ಲಿ ಕಲಿಯೋದೆಲ್ಲ ಮೊದಲ ಎರಡು ಮೂರು ವರ್ಷದ ಕಡಿಮೆ ಸಂಬಳದ ಕೆಲಸದಲ್ಲೇ. ತಲೆ ಮೇಲೆ 13 ಸಾವಿರದ ಕಂತಿದ್ದರೆ ಆ ಕೆಲಸದಲ್ಲಿ ನಿಲ್ಲೋಕಾಗಲ್ಲ. ಆರು ತಿಂಗಳಲ್ಲಿ ಯಾವುದೋ ಕಾಲ್ ಸೆಂಟರ್ ಸೇರ್ತೀಯ. ಊರಿನ ಸೈನೈಡ್ ಗುಡ್ಡಗಳ ಬಗ್ಗೆ, ಮುಚ್ಚಿದ ಗಣಿಯ ಬಗ್ಗೆ ಬರೀಬೇಕು ಅಂತ ಆಸೆಪಟ್ಟವಳು ಬರೆಯೋದನ್ನೇ ಬಿಡ್ತೀಯ.

ಹಾಗಾದರೆ ದಾರಿ? ರಾಜ್ಯದ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಿಎಗೆ ಪತ್ರಿಕೋದ್ಯಮ ಒಂದು ವಿಷಯವಾಗಿದೆ. ಊರ ಹತ್ತಿರ ಅದು ಸಿಗದಿದ್ದರೆ ಬೇರೆ ವಿಷಯದಲ್ಲೇ ಬಿಎ ಆಗಲಿ. ಆ ಮೂರು ವರ್ಷ ಸಾಲವಿಲ್ಲದೆ ಓದುತ್ತಾ ಬರೆಯೋದು, ವಿಡಿಯೋ ಮಾಡೋದು ಕಲಿಯಬಹುದು. ಆಮೇಲೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎ. ಅದಕ್ಕೆ ಸಾಲ ಬೇಕಾದರೂ 2 ಲಕ್ಷದೊಳಗೆ ಮುಗಿಯೋ ಹಾಗೆ ನೋಡಬೇಕು. ನನ್ನ ಲೆಕ್ಕ ಇದು: ಶುರುವಿನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ ಸಾಲ ಬೇಡ. 22 ಸಾವಿರ ಸಂಬಳಕ್ಕೆ ಅದು 2.64 ಲಕ್ಷ.

ಖಾಸಗಿ ಕಾಲೇಜೇ ಬೇಕು ಅನ್ನೋರು ಸಹಿ ಹಾಕೋ ಮೊದಲು ಕೆಲವು ವಿಚಾರ ತಿಳ್ಕೊಳ್ಳಿ.

ಕಾಲೇಜಿನಲ್ಲಿ: ಕಳೆದ ವರ್ಷ ಎಷ್ಟು ಮಕ್ಕಳು ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ನಡುವಿನ ಸಂಬಳ ಎಷ್ಟು? ಹೈಯೆಸ್ಟ್ ಪ್ಯಾಕೇಜ್ ಒಬ್ಬರದ್ದು, ನಿಮ್ಮದಲ್ಲ.

ಬ್ಯಾಂಕಿನಲ್ಲಿ: 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವರ್ಷಕ್ಕೆ 8 ಲಕ್ಷದವರೆಗೆ ಆದಾಯ ಇರೋ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಇದೆ. ಅದು ಪಟ್ಟಿಯಲ್ಲಿರೋ ಕಾಲೇಜುಗಳಿಗೆ ಮಾತ್ರ. ನಿಮ್ಮದು ಪಟ್ಟಿಯಲ್ಲಿದೆಯಾ ಕೇಳಿ. ಸಾಧ್ಯವಾದರೆ ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಬನ್ನಿ, ಅಸಲು ಬೆಳೆಯಲ್ಲ.

ಮನೆಯಲ್ಲಿ: ಸಾಲದ ಪತ್ರಕ್ಕೆ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕ್ತಾರೆ. ಕಂತು ತಪ್ಪಿದರೆ ಅವರ ಸಿಬಿಲ್ ಸ್ಕೋರೂ ಬೀಳುತ್ತೆ. ‘80ಇ ಅಡಿ ತೆರಿಗೆ ಉಳಿಯುತ್ತೆ’ ಅಂತ ಯಾರಾದರೂ ಹೇಳಿದರೆ, ಅದು ಹಳೇ ತೆರಿಗೆ ಪದ್ಧತಿಗೆ ಮಾತ್ರ. 22 ಸಾವಿರ ಸಂಬಳಕ್ಕೆ ತೆರಿಗೆಯೇ ಬರಲ್ಲ, ಉಳಿಸೋದೇನು?

ನಮ್ಮ ಹುಡುಗಿ ಇನ್ನೂ ತೀರ್ಮಾನ ಮಾಡಿಲ್ಲ. ಸರ್ಕಾರಿ ಕಾಲೇಜಿನ ಅರ್ಜಿಯನ್ನಂತೂ ಹಾಕಿದ್ದಾಳೆ. ಅಕ್ಕನ ಬಳೆ ಸದ್ಯಕ್ಕೆ ಬೀರುವಿನಲ್ಲೇ ಇದೆ.