ಹೊಟ್ಟೆಯ ಮೇಲೊಂದು ಕೈ

ಹೊಟ್ಟೆನೋವೆಂದು ಮಗು ಅಳತೊಡಗಿದರೆ ತಾಯಿಯ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಔಷಧಿಯ ಡಬ್ಬಿಗಲ್ಲ, ಮಗುವಿನ ಹೊಟ್ಟೆಗೆ. ನನ್ನ ಉಮ್ಮ ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿ, ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಂಡು ನಮ್ಮ ಹೊಕ್ಕುಳ ಸುತ್ತ ನೀವುತ್ತಿದ್ದರು. ಅರ್ಧ ನೋವು ಆ ಬಿಸಿಗೇ ಇಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಇಂತಹ ಒಂದು ಕೈ ಇದ್ದಿರಬಹುದು. ದೂರದ ಚೀನಾದಲ್ಲಿ ಈ ಕೈಯ ಕೆಲಸವೇ ಒಂದು ವೈದ್ಯಶಾಸ್ತ್ರವಾಗಿ ಬೆಳೆದಿದೆ. ಈ ತಿಂಗಳು ಅದರಿಂದ ನಾವು ಕಲಿಯಬಹುದಾದ ಒಂದೆರಡು ಮಾತು.

ಚೀನೀ ಸಾಂಪ್ರದಾಯಿಕ ವೈದ್ಯದಲ್ಲಿ ಮೈ ನೀವುವ ಚಿಕಿತ್ಸೆಗೆ ‘ಆನ್‌ಮೊ’ ಎಂಬುದು ಹಳೆಯ ಹೆಸರು. ಒತ್ತುವುದು ಮತ್ತು ಉಜ್ಜುವುದು ಎಂದು ಅದರ ಅರ್ಥ. ‘ತುಯಿನಾ’ ಎಂಬುದು ನಂತರದ ಹೆಸರು. ತಳ್ಳುವುದು ಮತ್ತು ಹಿಡಿಯುವುದು ಎಂದರ್ಥ. ಹೊಟ್ಟೆಯನ್ನು ಮೃದುವಾಗಿ ನೀವುವುದಕ್ಕೆ ‘ಮೊಫು’ ಎನ್ನುತ್ತಾರೆ. ತಾಂಗ್ ರಾಜವಂಶದ ಕಾಲದಲ್ಲಿ ಸರಕಾರದ ವೈದ್ಯಕೀಯ ಇಲಾಖೆಯಲ್ಲಿ ಇದನ್ನು ಕಲಿಸುವುದಕ್ಕೇ ಒಂದು ವಿಭಾಗವಿತ್ತು. ಆ ಕಾಲದ ಮಹಾವೈದ್ಯ ಸುನ್ ಸಿಮಿಯಾವೊ ಕ್ರಿ.ಶ. 7ನೇ ಶತಮಾನದಲ್ಲಿ ಬರೆದ ಸಲಹೆ ಎಷ್ಟು ಸರಳ ನೋಡಿ. ಉಂಡ ಕೂಡಲೇ ಮಲಗಬಾರದು, ನಿಧಾನವಾಗಿ ನಡೆದಾಡಬೇಕು, ಕೈಯಿಂದ ಹೊಟ್ಟೆಯನ್ನು ನೀವಿಕೊಳ್ಳಬೇಕು. ಇದಕ್ಕೆ ಖರ್ಚೂ ಇಲ್ಲ, ಸಲಕರಣೆಯೂ ಬೇಡ.

ಅವರ ಅಳತೆಯಂತೂ ಬಹಳ ಸ್ವಾರಸ್ಯಕರ. ಎದೆಮೂಳೆಯ ತುದಿಗೂ ಹೊಕ್ಕುಳಿಗೂ ನಟ್ಟನಡುವೆ ‘ಝೊಂಗ್‌ವಾನ್’ ಎಂಬ ಬಿಂದುವಿದೆ. ಹೊಕ್ಕುಳಿನ ಎಡಬಲಗಳಲ್ಲಿ 2 ‘ತ್ಸುನ್’ ದೂರಕ್ಕೆ ‘ತಿಯಾನ್‌ಶು’ ಬಿಂದುಗಳಿವೆ. ತ್ಸುನ್ ಎಂದರೆ ರೋಗಿಯ ಹೆಬ್ಬೆರಳಿನ ಅಗಲ. ನಾಲ್ಕು ಬೆರಳು ಜೋಡಿಸಿದರೆ 3 ತ್ಸುನ್. ವೈದ್ಯನ ಬೆರಳಲ್ಲ, ರೋಗಿಯ ಬೆರಳು! ಮಗುವಿನ ಹೊಟ್ಟೆಗೆ ಮಗುವಿನದೇ ಅಳತೆ, ದೊಡ್ಡವರಿಗೆ ಅವರದೇ ಅಳತೆ.

ಹೀಗೆ ನೀವಿದಾಗ ದೇಹದಲ್ಲಿ ‘ಚಿ’ ಎಂಬ ಜೀವಶಕ್ತಿ ಸರಾಗವಾಗಿ ಹರಿಯುತ್ತದೆ ಎಂಬುದು ಅವರ ವಿವರಣೆ. ಅಂತಹ ಶಕ್ತಿಯನ್ನು ಆಧುನಿಕ ವಿಜ್ಞಾನ ಕಂಡಿಲ್ಲ. ಆದರೆ ನೀವುವ ದಿಕ್ಕಿಗೆ ಒಂದು ಕಾರಣವಿದೆ. ನಮ್ಮ ದೊಡ್ಡ ಕರುಳು ಹೊಟ್ಟೆಯ ಬಲಭಾಗದಲ್ಲಿ ಮೇಲೇರಿ, ಪಕ್ಕೆಲುಬುಗಳ ಕೆಳಗೆ ಅಡ್ಡ ಸಾಗಿ, ಎಡಭಾಗದಲ್ಲಿ ಇಳಿಯುತ್ತದೆ. ಮಲಬದ್ಧತೆಗೆ ನೀವುವಾಗ ಕೈ ಕೂಡ ಅದೇ ದಾರಿಯಲ್ಲಿ, ಅಂದರೆ ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಐದರಿಂದ ಹತ್ತು ನಿಮಿಷ ಹಗುರವಾಗಿ ನೀವಿದರೆ ಸಾಕು.

ಇದರಿಂದ ಪ್ರಯೋಜನವಿದೆಯೇ ಎಂದು ನೀವು ಕೇಳಬಹುದು. ಸ್ವೀಡನ್ನಿನಲ್ಲಿ ಮಲಬದ್ಧತೆಯಿರುವ 60 ಮಂದಿಯ ಮೇಲೆ 8 ವಾರಗಳ ಕಾಲ ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹೊಟ್ಟೆ ನೀವಿಸಿಕೊಂಡವರಿಗೆ ತೊಂದರೆ ಕಡಿಮೆಯಾಗಿತ್ತು, ಮಲವಿಸರ್ಜನೆಯೂ ಹೆಚ್ಚಿತ್ತು. ಆದರೆ ಭೇದಿಮಾತ್ರೆಯ ಬಳಕೆ ಮಾತ್ರ ಇಳಿಯಲಿಲ್ಲ. ಅಂದರೆ ಇದು ಔಷಧಿಗೆ ಜೊತೆಗಾರನೇ ಹೊರತು ಔಷಧಿಯ ಬದಲಿಯಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಶಾಲೆಗೆ ಬರಲಿಲ್ಲ. ಮೊದಲು ಹೊಕ್ಕುಳ ಸುತ್ತ ನೋವು. ಗ್ಯಾಸ್ ಇರಬಹುದೆಂದು ತಾಯಿ ಎಣ್ಣೆ ಹಚ್ಚಿ ನೀವಿದರು. ರಾತ್ರಿಯ ಹೊತ್ತಿಗೆ ನೋವು ಬಲಗಡೆ ಕೆಳಕ್ಕೆ ಸರಿಯಿತು. ವಾಂತಿ, ಜ್ವರ ಶುರುವಾಯಿತು. ತಾಯಿ ನೀವುತ್ತಲೇ ಇದ್ದರು. ಮರುದಿನ ಆಸ್ಪತ್ರೆಗೆ ಒಯ್ದಾಗ ಅಪೆಂಡಿಕ್ಸ್ ಒಡೆದಿತ್ತು. ಅಲ್ಲಾಹನ ಕೃಪೆಯಿಂದ ಮಗು ಉಳಿಯಿತು. ನೋಡಲು ಹೋದಾಗ ಆ ತಾಯಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಅವಳು ನನ್ನ ಕೈಯನ್ನು ದೂಡುತ್ತಿದ್ದಳು ಉಸ್ತಾದ್. ಹಟ ಮಾಡುತ್ತಾಳೆ ಎಂದುಕೊಂಡು ನಾನು ಇನ್ನಷ್ಟು ಒತ್ತಿದೆ.”

ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿತ್ತೇ? ಖಂಡಿತ ಇಲ್ಲ. ಮಗು ಕೈ ದೂಡುವುದು ಕೂಡ ಒಂದು ಮಾತು ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೇ.

ಚೀನೀ ವೈದ್ಯರು ಈ ಮಾತನ್ನು ಬಹಳ ಹಿಂದೆಯೇ ಕೇಳಿಸಿಕೊಂಡಿದ್ದರು. ಸುಮಾರು 1800 ವರ್ಷಗಳ ಹಿಂದಿನ ವೈದ್ಯ ಝಾಂಗ್ ಝೊಂಗ್‌ಜಿಂಗ್, ಒತ್ತಿದರೆ ನೋಯದ ಹೊಟ್ಟೆಯುಬ್ಬರ ಬೇರೆ, ಒತ್ತಿದರೆ ನೋಯುವ ಹೊಟ್ಟೆಯುಬ್ಬರ ಬೇರೆ ಎಂದು ವಿಂಗಡಿಸಿದ್ದಾರೆ. ಕೈಯನ್ನು ಬಯಸುವ ನೋವಿಗೂ ಕೈಯನ್ನು ಒಲ್ಲೆನೆನ್ನುವ ನೋವಿಗೂ ಆ ವೈದ್ಯದಲ್ಲಿ ಬೇರೆ ಬೇರೆ ಹೆಸರುಗಳೇ ಇವೆ. ಇಂದಿನ ಡಾಕ್ಟರರು ಕೂಡ ಹೊಟ್ಟೆ ಒತ್ತುವಾಗ ರೋಗಿಯ ಮುಖ ನೋಡುತ್ತಾರಲ್ಲವೇ? ಮುಖ ಹಿಂಡಿತೇ, ಹೊಟ್ಟೆ ಹಲಗೆಯಂತೆ ಬಿಗಿಯಿತೇ ಎಂಬುದನ್ನು ಅವರು ಗಮನಿಸುತ್ತಾರೆ.

ಆದ್ದರಿಂದ ಓದುಗರೇ, ನೀವುವ ಕೈ ಕೇಳುವ ಕೈಯೂ ಆಗಿರಲಿ. ಮುಟ್ಟಿದರೆ ನೋವು ಹೆಚ್ಚಾದರೆ, ಹೊಟ್ಟೆ ಗಟ್ಟಿಯಾದರೆ, ಜ್ವರ ಅಥವಾ ನಿಲ್ಲದ ವಾಂತಿ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಅಲ್ಲಿಗೇ ಕೈ ತೆಗೆದು ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ನೀವಿದಾಗ ಹಿತವೆನಿಸಿದರೂ ಕೆಲವು ಗಂಟೆಗಳಲ್ಲಿ ನೋವು ಹೋಗದಿದ್ದರೆ ಡಾಕ್ಟರರಿಗೆ ತೋರಿಸಿ. ಗರ್ಭಿಣಿಯರ, ಹರ್ನಿಯಾ ಇರುವವರ, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ಹೊಟ್ಟೆಯನ್ನು ಒತ್ತಿ ನೀವಲೇಬಾರದು.

ಆ ಹುಡುಗಿಗೆ ಈಗ ಮದುವೆಯಾಗಿದೆ, ಮಡಿಲಲ್ಲಿ ಮಗುವಿದೆ. ಮಗು ಅತ್ತಾಗ ಅವಳೂ ಎಣ್ಣೆಯ ಕೈಯಿಂದ ಹೊಟ್ಟೆ ನೀವುತ್ತಾಳೆ. ಆದರೆ ಮಗುವಿನ ಮುಖದಿಂದ ಕಣ್ಣು ತೆಗೆಯುವುದಿಲ್ಲ.