ನಾಲ್ಕು ತಾಲ್ಲೂಕುಗಳಿಗೆ ಬೇಕಾದ ಒಂದು ಶೀಶೆ ಪ್ರತಿಕಾಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ವ್ಯಾಪಾರವೆಂದರೆ ಕಬ್ಬು, ಬೆಲ್ಲ, ಭತ್ತ, ತೆಂಗು, ಹಾಲು ಎಂಬುದು ರೂಢಿಯ ಮಾತು. ರೋಗಪತ್ತೆಗೆ ಬಳಸುವ ಪ್ರತಿಕಾಯವೂ ಈ ಭಾಗದ ಉದ್ಯಮಿಗಳು ಯೋಚಿಸಬೇಕಾದ ಸರಕೆಂದರೆ ಕೆಲವರಿಗೆ ಅಚ್ಚರಿಯಾದೀತು.

ಮಾಂಸಖಂಡದ ತಂತುವಿನ ಒಳಗಿನ ಎಳೆಗಳನ್ನು ಹೊರಪೊರೆಗೆ ಬಿಗಿದಿಡುವ ಪ್ರೋಟೀನು ಡಿಸ್ಟ್ರೋಫಿನ್. ಇದನ್ನು 1987ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಅವರ ತಂಡ ಗುರುತಿಸಿತು. ಇದಿಲ್ಲದೆ ಹುಟ್ಟಿದ ಗಂಡುಮಗು ಐದರ ಪ್ರಾಯದ ಹೊತ್ತಿಗೆ ಮೆಟ್ಟಿಲೇರಲು ತಡವರಿಸುತ್ತದೆ. ಹದಿಹರೆಯದಲ್ಲಿ ಗಾಲಿಕುರ್ಚಿ ಹಿಡಿಯುತ್ತದೆ. ಡುಷೇನ್ ಸ್ನಾಯುಕ್ಷಯವೆಂಬ ಈ ರೋಗ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬಹುತೇಕ ಪ್ರಕರಣಗಳನ್ನು ಈಗ ರಕ್ತದ ಜೀನ್ ಪರೀಕ್ಷೆಯೇ ತಿಳಿಸುತ್ತದೆ. ಅಲ್ಲಿ ಉತ್ತರ ಸಿಗದಿದ್ದಾಗ ಮಾಂಸಖಂಡದ ಚೂರನ್ನು ತೆಗೆದು ಪ್ರತಿಕಾಯ ಲೇಪಿಸಿ ನೋಡಬೇಕಾಗುತ್ತದೆ. ಆರೋಗ್ಯವಂತರಲ್ಲಿ ಪ್ರತಿ ತಂತುವಿನ ಅಂಚೂ ಬಣ್ಣಗಟ್ಟುತ್ತದೆ. ಡುಷೇನ್ ರೋಗದಲ್ಲಿ ಅಂಚು ಬರಿದು. ಸೌಮ್ಯರೂಪವಾದ ಬೆಕರ್ ರೋಗದಲ್ಲಿ ಮಸುಕು ಅಥವಾ ತುಂಡುತುಂಡು.

ಇದರಿಂದ ಕುಟುಂಬಕ್ಕಾಗುವ ಪ್ರಯೋಜನ ಚಿಕ್ಕದಲ್ಲ. ಸೋದರಸಂಬಂಧದಲ್ಲಿ ಮದುವೆಯಾದದ್ದೇ ತಪ್ಪೆಂದು ಇಂತಹ ಮಗುವಿನ ತಾಯಿತಂದೆಯರನ್ನು ಹಳಿಯುವುದುಂಟು. ಡುಷೇನ್ ರೋಗಕ್ಕೆ ಆ ಮದುವೆ ಕಾರಣವೇ ಅಲ್ಲ. ಅದು ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುತ್ತದೆ, ಇಲ್ಲವೆ ಹೊಸದಾಗಿ ಉಂಟಾಗುತ್ತದೆ. ಆದರೆ ಹೊರನೋಟಕ್ಕೆ ಹಾಗೆಯೇ ಕಾಣುವ, ಸಾರ್ಕೋಗ್ಲೈಕನ್ ಪ್ರೋಟೀನಿನ ಕೊರತೆಯ ರೋಗವು ತಂದೆತಾಯಿ ಇಬ್ಬರಿಂದಲೂ ಬರುವಂಥದು. ಅಲ್ಲಿ ಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ. ಮುಂದಿನ ಬಸಿರಿನ ಬಗೆಗೂ, ಮಗುವಿನ ಅಕ್ಕತಂಗಿಯರ ಮದುವೆಯ ಬಗೆಗೂ ಕೊಡಬೇಕಾದ ಸಲಹೆ ಯಾವ ಪ್ರೋಟೀನು ಇಲ್ಲವೆಂಬುದನ್ನು ಅವಲಂಬಿಸಿದೆ.

ಇಂತಹ ಪ್ರತಿಕಾಯಗಳು ಬಹುಪಾಲು ಆಮದಾಗುತ್ತವೆ. ತಯಾರಿಯ ವಿಧಾನವೇನೋ ಗುಟ್ಟಲ್ಲ. 1975ರಲ್ಲಿ ಕೇಂಬ್ರಿಜ್ಜಿನ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದ ಆ ವಿಧಾನಕ್ಕೆ ಪೇಟೆಂಟ್ ಕೂಡ ಪಡೆಯಲಿಲ್ಲ. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದ ಕೋಶಭಂಡಾರವು ಲಾಭವಿಲ್ಲದೆ ಪ್ರತಿಕಾಯಗಳನ್ನು ಒದಗಿಸುತ್ತಿದೆ. ಮಾರುಕಟ್ಟೆ ಸಣ್ಣದೆಂಬ ಕಾರಣಕ್ಕೆ ಬೆಂಗಳೂರಿನ ಜೈವಿಕ ತಂತ್ರಜ್ಞಾನ ಉದ್ಯಮ ಇದರಿಂದ ದೂರ ನಿಲ್ಲುವುದು ಸರಿಯಲ್ಲ. ನಿಮ್ಹಾನ್ಸ್‌ನಂತಹ ಸಂಸ್ಥೆ ಗುಣಮಟ್ಟ ಪರೀಕ್ಷಿಸಿ ಖರೀದಿಯ ಭರವಸೆ ಕೊಟ್ಟರೆ ಸಣ್ಣ ಪ್ರಮಾಣದ ತಯಾರಿಕೆಯೂ ನಿಂತೀತು.

ಆದರೆ ಶೀಶೆ ಅಗ್ಗವಾದ ಮಾತ್ರಕ್ಕೆ ಕೆಲಸ ಮುಗಿಯದು. ತೆಗೆದ ಚೂರನ್ನು ಕೂಡಲೇ ಹೆಪ್ಪುಗಟ್ಟಿಸದಿದ್ದರೆ ಪ್ರೋಟೀನು ಕೆಟ್ಟು, ಇದ್ದದ್ದೂ ಇಲ್ಲವೆಂದು ಕಂಡೀತು. ಈ ನಾಲ್ಕು ತಾಲ್ಲೂಕುಗಳಿಗೆ ದ್ರವ ಸಾರಜನಕ ಅಪರಿಚಿತವೇನಲ್ಲ. ರಾಸುಗಳ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳು ಮೈನಸ್ 196 ಡಿಗ್ರಿಯ ಆ ಕ್ಯಾನುಗಳಲ್ಲಿಯೇ ಹಳ್ಳಿಹಳ್ಳಿಗೆ ಬರುತ್ತವೆ. ಹಸುವಿಗೆ ಒದಗಿದ ಸೌಲಭ್ಯ ಮಗುವಿಗೆ ಒದಗಬಾರದೇಕೆ? ಚೂರನ್ನು ನೇರವಾಗಿ ಸಾರಜನಕದಲ್ಲಿ ಅದ್ದಿದರೆ ಹಿಮದ ಹರಳುಗಳು ತಂತುಗಳನ್ನು ಸೀಳುತ್ತವೆ. ಅದರಲ್ಲಿ ತಣಿಸಿದ ಐಸೊಪೆಂಟೇನ್ ಬೇಕು, ತರಬೇತಾದ ತಂತ್ರಜ್ಞರೂ ಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ಮಂಡ್ಯದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಚೂರನ್ನು ಅಲ್ಲಿಯೇ ತೆಗೆದು ಹೆಪ್ಪುಗಟ್ಟಿಸಿ ಬೆಂಗಳೂರಿಗೆ ಕಳುಹಿಸುವ ಏರ್ಪಾಡಾದರೆ, ನಡೆಯಲಾರದ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ. ಸಾಗಣೆಯ ಹೊಣೆಯನ್ನು ಹಾಲು ಒಕ್ಕೂಟದೊಡನೆ ಸೇರಿ ಜಿಲ್ಲೆಯ ವರ್ತಕರು ವಹಿಸಿಕೊಳ್ಳಬಹುದು.