ಗೆಜ್ಜೆ ಕಟ್ಟಿದ್ದು ಕಾಲಿಗೋ, ಮೊಬೈಲಿಗೋ?

2025ರ ಮೇ ಕೊನೆಯಲ್ಲಿ ಕೊರೊನಾ ಮತ್ತೆ ಒಂದಿಷ್ಟು ತಲೆಯೆತ್ತಿದಾಗ, ಜ್ವರ ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಸರಿ, ಶಾಲೆಗಾಯಿತು. ಸಂಜೆ ಅದೇ ಮಕ್ಕಳು ಹೋಗುವ ಭರತನಾಟ್ಯದ ಕ್ಲಾಸಿಗೆ? ಆ ಅಲೆ ದೊಡ್ಡದಾಗಲಿಲ್ಲ, ನಮ್ಮ ಪುಣ್ಯ. ಆದರೆ ಮುಂದಿನದು ಬಂದ ದಿನ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಅಮ್ಮಂದಿರು 2020ರಲ್ಲಿ ಕೇಳಿದ್ದನ್ನೇ ಮತ್ತೆ ಕೇಳಬೇಕಾಗುತ್ತೆ: ಮಗೂನ ಕ್ಲಾಸಿಗೆ ಕಳಿಸೋದೋ, ಮೊಬೈಲ್ ಮುಂದೆ ನಿಲ್ಲಿಸೋದೋ? ಆಗ ಏನಾಯಿತು ಅನ್ನೋದನ್ನ ಈಗಲೇ, ಜ್ವರ ಇಲ್ಲದಾಗ, ಲೆಕ್ಕ ಹಾಕಿ ನೋಡುವುದು ವಾಸಿ.

2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ನಂಜನಗೂಡಿನ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿ ನಮ್ಮ ಜಿಲ್ಲೆಯ ಹೆಸರು ದಿನಾ ಟೀವಿಯಲ್ಲಿ ಬರುತ್ತಿದ್ದ ಕಾಲ. ಡ್ಯಾನ್ಸ್ ಕ್ಲಾಸುಗಳು ಮೊಬೈಲಿಗೆ ಹತ್ತಿದವು. ಬೇರೆ ದಾರಿ ಇರಲಿಲ್ಲ, ಅದನ್ನು ತಪ್ಪು ಅನ್ನುವಂತಿಲ್ಲ. ಕೇಳಬೇಕಾದ್ದು ಬೀಗ ತೆಗೆದ ಮೇಲಿನ ಕಥೆಯನ್ನು.

ಭಯ ಸುಳ್ಳಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡೋಣ. ದಕ್ಷಿಣ ಕೊರಿಯಾದ ಚೆಯೊನಾನ್ ನಗರದಲ್ಲಿ 2020ರ ಫೆಬ್ರವರಿ-ಮಾರ್ಚ್‌ನಲ್ಲಿ ವ್ಯಾಯಾಮದ ಡ್ಯಾನ್ಸ್ ಕ್ಲಾಸುಗಳಿಂದಲೇ 112 ಜನಕ್ಕೆ ಸೋಂಕು ತಗುಲಿತ್ತು. ಚಿಕ್ಕ ಕೋಣೆ, ತುಂಬಾ ಜನ, ಏದುಸಿರು. ಇಷ್ಟೇ ಕಾರಣ. ನಿಧಾನವಾಗಿ ಉಸಿರಾಡುವ ಯೋಗದ ಕ್ಲಾಸಿನಲ್ಲಿ ಹಾಗಾಗಲಿಲ್ಲ ಎಂದು ಅಲ್ಲಿನ ವೈದ್ಯರು ಬರೆದಿದ್ದಾರೆ. ಅಂದರೆ ಡ್ಯಾನ್ಸಲ್ಲ ಅಪಾಯ, ಮುಚ್ಚಿದ ಕಿಟಕಿ ಅಪಾಯ. ನಮ್ಮೂರ ಕ್ಲಾಸುಗಳಲ್ಲಿ ಹೆಚ್ಚಿನವು ನಡೆಯುವುದೆಲ್ಲಿ? ಮನೆಯ ಹಾಲಿನಲ್ಲಿ, ಇಲ್ಲವೇ ಶೀಟು ಹೊದಿಸಿದ ಮಹಡಿ ಕೋಣೆಯಲ್ಲಿ. ಅದರಲ್ಲೂ ಅಕ್ಕಪಕ್ಕದವರು ಗಲಾಟೆ ಅಂತಾರೆ ಎಂದು ಕಿಟಕಿ ಹಾಕಿಕೊಂಡು!

ಹಾಗಾದರೆ ಮೊಬೈಲೇ ಗತಿಯೇ? ಅದರ ಹಣೆಬರಹವನ್ನೂ ನೋಡಿ.

ಭರತನಾಟ್ಯ ನಿಂತಿರುವುದು ತಾಳದ ಮೇಲೆ. ಮೇಡಂ ಕೋಲು ಹಿಡಿದು ಮಣೆ ತಟ್ಟುತ್ತಾರೆ, ಮಗು ಹೆಜ್ಜೆ ಹಾಕುತ್ತದೆ. ಮೊಬೈಲಿನಲ್ಲಿ ಆ ಪೆಟ್ಟು ಕ್ಷಣ ತಡವಾಗಿ ಮುಟ್ಟುತ್ತದೆ. ಮಗುವಿನ ಹೆಜ್ಜೆ ವಾಪಸು ಕಾಣುವುದು ಇನ್ನೊಂದು ಕ್ಷಣ ತಡವಾಗಿ. ಒಂದನೇ ಕಾಲದಲ್ಲಿ ಹೇಗೋ ನಡೆದೀತು. ಮೂರನೇ ಕಾಲಕ್ಕೆ ಬಂದರೆ ತಾಳವೇ ಆ ಕ್ಷಣದಷ್ಟು ಉದ್ದ. ಮಗು ತಪ್ಪಿತೋ, ನೆಟ್‌ವರ್ಕ್ ತಪ್ಪಿತೋ, ಬ್ರಹ್ಮನಿಗೂ ಗೊತ್ತಾಗದು. ಸಾಲದ್ದಕ್ಕೆ ಈ ಜೂಮ್‌ನಂಥ ಆ್ಯಪ್‌ಗಳು ಮಾತನ್ನು ಉಳಿಸಿ ಗದ್ದಲವನ್ನು ಅಳಿಸುವುದಕ್ಕೆ ಹುಟ್ಟಿದವು. ಅವಕ್ಕೆ ತಟ್ಟುವ ಕೋಲೂ ಗದ್ದಲ, ಗೆಜ್ಜೆಯೂ ಗದ್ದಲ! ಎಲ್ಲ ಮಕ್ಕಳ ಮೈಕು ಬಂದ್ ಮಾಡಿ ಮೂಕಿ ಸಿನಿಮಾದಂತೆ ಪಾಠ ನಡೆಯಿತು. ಹೇಗೋ ಹದ ಹತ್ತಿತು ಅನ್ನುವಷ್ಟರಲ್ಲಿ 40 ನಿಮಿಷ ಮುಗಿದು ಪುಕ್ಕಟೆ ಜೂಮ್ ಕಡಿದುಬೀಳುತ್ತಿತ್ತು.

ಇನ್ನು ನೆಲ. ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ಮೇಲೆ ತಟ್ಟಡವು ಮಾಡಿದರೆ ಪೆಟ್ಟೆಲ್ಲ ನೇರ ಮಂಡಿಗೆ. ಅರೆಮಂಡಿ ಕೂತಾಗ ಮಂಡಿ ಹೊರಕ್ಕೆ ತಿರುಗದೆ ಒಳಕ್ಕೆ ಬಾಗಿದರೆ, ಎದುರಿಗಿದ್ದ ಗುರು ಆ ಕ್ಷಣವೇ ಕೈಹಾಕಿ ಸರಿಮಾಡುತ್ತಾರೆ. ಮೊಬೈಲಿನಲ್ಲಿ ಮಗು ಪೂರ್ತಿ ಕಾಣಬೇಕೆಂದರೆ ಎಂಟಡಿ ಹಿಂದೆ ನಿಲ್ಲಿಸಬೇಕು. ಆಗ ಮುಖ ದ್ರಾಕ್ಷಿಯಷ್ಟಾಗುತ್ತದೆ. ಮುಖ ಕಾಣಲಿ ಅಂತ ಹತ್ತಿರ ಕರೆದರೆ ಕಾಲಿಲ್ಲ. ಎಂಟಡಿ ಜಾಗವೇ ಇಲ್ಲದ ಮನೆಗಳ ಮಾತು ಬೇರೆ. ಅಲ್ಲಿ ಸೋಫಾ ಗೋಡೆಗೆ ಒತ್ತಿ, ಅಪ್ಪ ಬಾಗಿಲಲ್ಲಿ ನಿಂತು, ಅಣ್ಣನ ಶಾಲೆ ಪಾಠಕ್ಕೂ ತಂಗಿಯ ಡ್ಯಾನ್ಸಿಗೂ ಒಂದೇ ಫೋನು. ‘ಆಯ್ಕೆ’ ಅಂತ ನಾವು ದೊಡ್ಡ ಮಾತಾಡಿದ್ದೇ ಬಂತು. ಎಷ್ಟೋ ಮನೆಗಳಲ್ಲಿ ತೀರ್ಮಾನ ಮಾಡಿದ್ದು ಅಪ್ಪ ಅಮ್ಮ ಅಲ್ಲ, ಹಾಲಿನ ಅಳತೆ.

ಒಂದು ತಮಾಷೆಯನ್ನೂ ಹೇಳಬೇಕು. ಜಟ್ಟಿ ತಾಯಮ್ಮನವರು, ಅವರಲ್ಲಿ ಕಲಿತ ವೆಂಕಟಲಕ್ಷ್ಮಮ್ಮನವರು ಬೆಳೆಸಿದ ಮೈಸೂರು ಶೈಲಿಗೆ ಅಭಿನಯವೇ ಜೀವಾಳ. ಎದುರಿನ ಕ್ಲಾಸಿಗೆ ಹೋದ ಮಕ್ಕಳ ಮುಖಕ್ಕೆ ಮಾಸ್ಕು! ಕಣ್ಣೊಂದು ಬಿಟ್ಟರೆ ಶೃಂಗಾರವೂ ಒಂದೇ, ಬೀಭತ್ಸವೂ ಒಂದೇ. ಅಭಿನಯದ ಮಟ್ಟಿಗೆ ಮೊಬೈಲೇ ಗೆದ್ದಿತು ಅನ್ನಬೇಕು. ಹಸ್ತ, ಶ್ಲೋಕ, ಪರೀಕ್ಷೆಯ ಥಿಯರಿ ಕೂಡ ಅಲ್ಲಿ ಚೆನ್ನಾಗೇ ನಡೆಯುತ್ತದೆ. ಜೂನಿಯರ್ ಮುಗಿಸಿ ಸೀನಿಯರ್‌ಗೆ ಓದುತ್ತಿದ್ದ ಹದಿಮೂರು ಹದಿನಾಲ್ಕರ ಹುಡುಗಿಯರಿಗೆ ಮೈಯಲ್ಲಿ ತಾಳ ಕೂತಾಗಿತ್ತು, ಅವರು ತೇಲಿಕೊಂಡರು. ಸಿಕ್ಕಿಕೊಂಡವರು ಆರೇಳು ವರ್ಷದ, ಆಗಷ್ಟೇ ಕಾಲು ಎತ್ತಲು ಶುರುಮಾಡಿದ ಮಕ್ಕಳು. ಲಸಿಕೆಯೂ ಅವರಿಗೆ ಬರಲಿಲ್ಲ: 15ರ ಮೇಲಿನವರಿಗೆ 2022ರ ಜನವರಿ, 12ರ ಮೇಲಿನವರಿಗೆ ಮಾರ್ಚ್.

ಸರ್ಕಾರ ಏನು ಮಾಡುತ್ತಿತ್ತು ಅಂತೀರಾ? ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಎಂದು 2020ರ ಜೂನ್‌ನಲ್ಲಿ ಹೇಳಿತು, ಜುಲೈ 8ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆಗಸ್ಟ್ 5ರಿಂದ ಯೋಗ ಕೇಂದ್ರ, ಜಿಮ್ ತೆರೆಯಬಹುದು ಎಂದು ಕೇಂದ್ರ ಹೆಸರು ಹಿಡಿದು ಹೇಳಿತು. ಮಕ್ಕಳ ನೃತ್ಯ ಶಾಲೆ ಜಿಮ್ಮೋ, ಕೋಚಿಂಗ್ ಸೆಂಟರೋ, ಮನೆಪಾಠವೋ? ಒಂದರಿಂದ ಐದನೇ ಕ್ಲಾಸು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಯವರೆಗೆ ಆ ವಯಸ್ಸಿನ ಮಗುವಿನ ಕಾಲಿನ ಕಥೆಯನ್ನು ಮೇಡಂ ಮತ್ತು ಅಮ್ಮ ವಾಟ್ಸಾಪಿನಲ್ಲಿ ತೀರ್ಮಾನಿಸಿಕೊಳ್ಳಬೇಕಾಯಿತು.

ಮೇಡಂಗಳ ಪಾಡೂ ಅಷ್ಟೆ. ಫೀಸು ಅರ್ಧ, ಬಾಡಿಗೆ ಪೂರ್ತಿ. 2020ರ ದಸರಾ ಅರಮನೆ ಆವರಣದೊಳಗೇ ಮುಗಿಯಿತು. 2021ರ ಮೇನಲ್ಲಿ ಕಲಾವಿದರಿಗೆ ಘೋಷಿಸಿದ ಪರಿಹಾರ ತಲಾ 3,000 ರೂಪಾಯಿ. ಬಾಡಿಗೆಗೆ ಸೋತು ಕ್ಲಾಸು ಮುಚ್ಚಿದವರಿಗೆ ಆನ್‌ಲೈನ್ ಅನ್ನುವುದು ಇಷ್ಟದ ಮಾತಾಗಿರಲಿಲ್ಲ. ಕೆಲವರಿಗೆ ಅದೇ ಕೈಹಿಡಿಯಿತು ಕೂಡ. ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಪಾಠ ಹೇಳಲು ಬೆಳಿಗ್ಗೆ ಐದಕ್ಕೆ ಏಳುವ ಗುರುಗಳು ಇವತ್ತೂ ಇದ್ದಾರೆ.

ನಮ್ಮನ್ನು ಕೇಳಿದರೆ, ಎಂಟು ವರ್ಷದೊಳಗಿನ ಮಗುವಿಗೆ ಹೊಸದಾಗಿ ಅಡವು ಮೊಬೈಲಿನಲ್ಲಿ ಶುರುಮಾಡಿಸಬಾರದು. ಒಂದು ವರ್ಷ ಕಾದರೆ ಗಂಟೇನೂ ಹೋಗದು, ತಪ್ಪಾಗಿ ಕೂತ ಮಂಡಿ ಮಾತ್ರ ಬೇಗ ಬಿಡದು. ಕಾಯಲಾಗದು ಅನ್ನುವವರಿಗೆ ಮೂರನೇ ದಾರಿ ಒಂದಿತ್ತು. ತಾರಸಿ, ಅಂಗಳ, ಹಜಾರ. ನಾಲ್ಕೇ ಮಕ್ಕಳು, ದೂರ ದೂರ, ಅರ್ಧ ಗಂಟೆ. ಆದರೆ ಬಾಡಿಗೆ ಮನೆಯ ಮೇಡಂಗೆ ತಾರಸಿ ಕೊಡುವವರ್ಯಾರು? ಅದೇ ಹೊತ್ತಿನಲ್ಲಿ ಬಡಾವಣೆಯ ಸರ್ಕಾರಿ ಶಾಲೆಗಳ ಉದ್ದನೆಯ ಜಗಲಿಗಳು ಸಂಜೆ ಹೊತ್ತು ಖಾಲಿ ಬಿದ್ದಿದ್ದವು. ಮುಂದಿನ ಸಲ ಬೀಗ ಹಾಕುವ ಮುಂಚೆ, ಯಾವ ಜಗಲಿ ಯಾರಿಗೆ, ಎಷ್ಟು ಮಕ್ಕಳಿಗೆ, ಬೀಗದ ಕೈ ಯಾರ ಹತ್ತಿರ ಎಂದು ಜಿಲ್ಲಾಡಳಿತ ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಖರ್ಚೇನೂ ಆಗದು. ಆ ಹಾಳೆಯಲ್ಲಿ ‘ನೃತ್ಯ ಶಾಲೆ’ ಎಂಬ ಎರಡು ಪದವೂ ಇರಲಿ.